ಚಳಿಗಾಲದ ಮರುಭೂಮಿಗೆ ಮುಂಬೈ–ಪುಣೆಯಿಂದ ಹೊರಡುವವರಿಗೆ: ಬಟ್ಟೆ, ಹಾಸಿಗೆ, ಬೆಂಕಿ

ಡಿಸೆಂಬರ್ ರಜೆಗೆ ಜೈಸಲ್ಮೇರ್ ಅಥವಾ ಕಚ್ಛ್‌ಗೆ ಹೊರಟ ಮುಂಬೈ ಕುಟುಂಬದ ಬ್ಯಾಗಿನಲ್ಲಿ ಸಾಮಾನ್ಯವಾಗಿ ಇರುವುದು ಸನ್‌ಸ್ಕ್ರೀನ್, ಟೋಪಿ, ಹತ್ತಿಯ ಕುರ್ತಾಗಳು, ಜೊತೆಗೆ ಎಂದೋ ಊಟಿಗೆ ಹೋದಾಗ ಕೊಂಡ ಒಂದು ಸ್ವೆಟರ್. ಮರುಭೂಮಿ ಎಂದರೆ ಬಿಸಿಲು ಎಂಬ ಲೆಕ್ಕ. ಹಗಲಿನ ಮಟ್ಟಿಗೆ ಆ ಲೆಕ್ಕ ಸರಿಯೇ, ರಾತ್ರಿಗೆ ಪೂರಾ ತಪ್ಪು.

ಹಾಗೆಂದು ಹಿಮಾಲಯಕ್ಕೆ ಹೊರಟವರಂತೆ ಹತ್ತಾರು ಸಾವಿರದ ಜಾಕೆಟ್ ಕೊಳ್ಳಬೇಕಿಲ್ಲ. ಮಳೆಗಾಲಕ್ಕೆಂದು ಪ್ರತಿ ಮುಂಬೈ ಮನೆಯಲ್ಲೂ ಇರುವ ವಿಂಡ್‌ಚೀಟರ್, ಮೂಲೆಯಲ್ಲಿ ಸುತ್ತಿಟ್ಟ ಯೋಗ ಮ್ಯಾಟ್, ಊರಿನಿಂದ ತಂದ ಕೌದಿ, ಇವಕ್ಕೆ ಎರಡು–ಮೂರು ಹೊಸ ವಸ್ತು ಸೇರಿಸಿದರೆ ಕೆಲಸ ಮುಗಿಯಿತು. ಯಾವುದನ್ನು ಎಲ್ಲಿ, ಯಾವಾಗ ಹಾಕಬೇಕು ಎನ್ನುವುದರಲ್ಲೇ ಇದೆ ವಿಷಯ.

ಎಷ್ಟು ಚಳಿ, ಯಾಕೆ ಚಳಿ

ಜನವರಿಯಲ್ಲಿ ಜೈಸಲ್ಮೇರ್‌ನ ಹಗಲು ಸರಾಸರಿ 23–24 ಡಿಗ್ರಿ, ರಾತ್ರಿ 7–8 ಡಿಗ್ರಿ. ಕೆಟ್ಟ ವಾರ ಸಿಕ್ಕರೆ 2–3ಕ್ಕೂ ಇಳಿಯುತ್ತದೆ. ರಾಜಸ್ಥಾನದ ಉತ್ತರದ ಬಿಕಾನೇರ್, ಚೂರು ಊರುಗಳ ಕಡೆ ಇನ್ನೂ ಕಠಿಣ. ಬೇಸಿಗೆಯಲ್ಲಿ 50 ಡಿಗ್ರಿ ಮುಟ್ಟಿದ ಅದೇ ಚೂರು ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಕಚ್ಛ್ ಸ್ವಲ್ಪ ಮೆದು. ಆದರೆ ಅಲ್ಲಿನ ನಲಿಯಾ ಗುಜರಾತಿನ ಅತಿ ಚಳಿಯ ಊರೆಂದು ಪ್ರತಿ ವರ್ಷ ಸುದ್ದಿಯಾಗುತ್ತದೆ. ಮುಂಬೈಯ ಜನವರಿ ರಾತ್ರಿ ಸರಾಸರಿ 17ರ ಆಸುಪಾಸು, ಗೋವಾದಲ್ಲಿ 20. ಪುಣೆಯವರು 11–12 ಡಿಗ್ರಿ ಕಂಡವರೇ, ಆದರೆ ಕಂಡದ್ದು ಕಾಂಕ್ರೀಟ್ ಗೋಡೆಯ ಒಳಗಿನಿಂದ. ಬಟ್ಟೆ ಗೋಡೆಯ ಟೆಂಟಿನಲ್ಲಿ ಆ ಅನುಭವ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಕಾರಣ ಗಾಳಿಯ ತೇವ. ಮುಂಬೈಯ ಹಸಿ ಗಾಳಿ ರಾತ್ರಿಯಿಡೀ ಊರಿಗೆ ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತದೆ. ಮರುಭೂಮಿಯಲ್ಲಿ ತೇವವೂ ಇಲ್ಲ, ಮೋಡವೂ ಇಲ್ಲ. ನೆಲದ ಶಾಖ ನೇರವಾಗಿ ಆಕಾಶಕ್ಕೆ ಹೋಗುತ್ತದೆ. ಜೊತೆಗೆ ಒಣ ಮರಳಿನ ಕಣಗಳ ನಡುವೆಲ್ಲ ಗಾಳಿ ತುಂಬಿರುವುದರಿಂದ ಶಾಖ ಆಳಕ್ಕೆ ಇಳಿಯುವುದೇ ಇಲ್ಲ. ಹಗಲಿನ ಕಾವೆಲ್ಲ ಮೇಲಿನ ಕೆಲವು ಅಂಗುಲದಲ್ಲೇ ಉಳಿದು, ಸೂರ್ಯ ಮುಳುಗಿದ ಗಂಟೆ–ಎರಡು ಗಂಟೆಯಲ್ಲಿ ಹೊರಟುಹೋಗುತ್ತದೆ. ಮಧ್ಯಾಹ್ನ ಬರಿಗಾಲಿಗೆ ಬೆಚ್ಚಗಿದ್ದ ಮರಳು ರಾತ್ರಿ 8ಕ್ಕೆ ತಣ್ಣಗೆ ಕೊರೆಯುತ್ತದೆ.

ಫೋನು ತೋರಿಸುವ ಅಂಕಿಯನ್ನು ಹಾಗೇ ನಂಬಬೇಡಿ. ಹವಾಮಾನ ಕೇಂದ್ರದ ತಾಪಮಾಪಕ ನೆಲದಿಂದ ಸುಮಾರು 1.2 ಮೀಟರ್ ಮೇಲೆ, ಪೆಟ್ಟಿಗೆಯೊಳಗೆ ಇರುತ್ತದೆ. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ನೆಲಮಟ್ಟ ಅದಕ್ಕಿಂತ ಹಲವು ಡಿಗ್ರಿ ತಣ್ಣಗಿರುತ್ತದೆ, ಮತ್ತು ನೀವು ಮಲಗುವುದು ನೆಲಮಟ್ಟದಲ್ಲಿ. ಗಾಳಿ ಇದ್ದರೆ ಲೆಕ್ಕ ಬೇರೆ: 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಹೊಡೆದರೆ ಚರ್ಮಕ್ಕೆ ಅದು ಸೊನ್ನೆ ಡಿಗ್ರಿಯಂತೆ. ದಿಬ್ಬಗಳಿಂದ ತೆರೆದ ಜೀಪಿನಲ್ಲಿ ಮರಳುವಾಗ ಆಗುವುದು ಇದೇ.

ಹೆಜ್ಜೆ 1: ದಿನ ಮತ್ತು ಜಾಗ ಆರಿಸುವುದು

ಚಳಿ ಬೇಡವೇ ಬೇಡ ಎನ್ನುವವರಿಗೆ ನವೆಂಬರ್ ಮಧ್ಯಭಾಗ ಅಥವಾ ಫೆಬ್ರವರಿಯ ಕೊನೆ. ಡಿಸೆಂಬರ್ 20ರಿಂದ ಜನವರಿ ಕೊನೆಯವರೆಗೆ ಅತಿ ಚಳಿ, ಅತಿ ಜನ, ಅತಿ ಬೆಲೆ, ಮೂರೂ ಒಟ್ಟಿಗೆ ಬರುತ್ತವೆ. ಜೈಸಲ್ಮೇರ್‌ನ ಮರು ಮಹೋತ್ಸವ ಮಾಘ ಹುಣ್ಣಿಮೆಗೆ ಮುಗಿಯುವಂತೆ ನಡೆಯುತ್ತದೆ. ಆ ಹೊತ್ತಿಗೆ ಚಳಿ ಇಳಿಮುಖವಾಗಿರುತ್ತದೆ, ಆದರೆ ಕೋಣೆ ಸಿಗುವುದು ಕಷ್ಟ.

ಕಚ್ಛ್‌ನ ಬಿಳಿ ರಣ್, ಅಂದರೆ ಉಪ್ಪಿನ ಬಯಲು, ನೋಡಲು ನವೆಂಬರ್ ಆರಂಭ ಬೇಡ. ಮಳೆಗಾಲದ ನೀರು ಪೂರ್ತಿ ಆರದೆ ಉಪ್ಪಿನ ಬದಲು ಕೆಸರು ಸಿಗಬಹುದು. ಹುಣ್ಣಿಮೆಯ ರಾತ್ರಿಗೆ ದರ ಏರುತ್ತದೆ. ಬೆಳದಿಂಗಳಲ್ಲಿ ಹೊಳೆಯುವ ಉಪ್ಪು ನೋಡಲೇಬೇಕೆಂದರೆ ಕೊಡಿ, ನಕ್ಷತ್ರ ನೋಡಬೇಕೆಂದರೆ ಅಮಾವಾಸ್ಯೆಯ ಆಚೀಚೆ ಹೋಗಿ ಹಣ ಉಳಿಸಿ. ಭುಜ್‌ನಿಂದ ರಣ್ ಅಂಚಿನ ಹಳ್ಳಿ ಧೋರ್ಡೊ ಸುಮಾರು 80 ಕಿಲೋಮೀಟರ್. ರಣ್‌ಗೆ ಪರವಾನಗಿ ಬೇಕು, ದಾರಿಯಲ್ಲಿ ಭಿರಂಡಿಯಾರಾದಲ್ಲಿ ಸಿಗುತ್ತದೆ. ಎಲ್ಲರ ಗುರುತಿನ ಚೀಟಿಯ ಪ್ರತಿ ಕೈಗೆ ಸಿಗುವಂತಿರಲಿ.

ಹೊರಡುವ ನಾಲ್ಕೈದು ದಿನ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 4 ಡಿಗ್ರಿ ಅಥವಾ ಕೆಳಗೆ ಇಳಿದರೆ ಇಲಾಖೆ ಅದನ್ನು ಶೀತಗಾಳಿ ಎಂದೂ, 2 ಅಥವಾ ಕೆಳಗಾದರೆ ತೀವ್ರ ಶೀತಗಾಳಿ ಎಂದೂ ಹೇಳುತ್ತದೆ. ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡದ ಗುಂಪು, ಅಂದರೆ ಸುದ್ದಿಯಲ್ಲಿ ಕೇಳುವ ವೆಸ್ಟರ್ನ್ ಡಿಸ್ಟರ್ಬೆನ್ಸ್, ವಾಯವ್ಯ ಭಾರತ ದಾಟಿಹೋದ ಮೇಲಿನ ಎರಡು–ಮೂರು ದಿನಗಳೇ ಅಪಾಯದವು. ಮೋಡವಿದ್ದ ರಾತ್ರಿ ಬೆಚ್ಚಗಿರುತ್ತದೆ. ಮೋಡ ಸರಿದು ಉತ್ತರದ ಗಾಳಿ ನುಗ್ಗಿದಾಗ ತಾಪಮಾನ ಬೀಳುತ್ತದೆ. ಮುನ್ಸೂಚನೆಯಲ್ಲಿ ಶೀತಗಾಳಿ ಕಂಡರೆ ಟೆಂಟ್ ರಾತ್ರಿಯನ್ನು ಪ್ರವಾಸದ ಕೊನೆಗೆ ತಳ್ಳಿ.

ಹೆಜ್ಜೆ 2: ತಂಗುವ ಜಾಗ

ಟೆಂಟಿನಲ್ಲಿ ಒಂದೇ ರಾತ್ರಿ ಸಾಕು. ಎರಡನೆಯ ರಾತ್ರಿ ಹೊಸದೇನೂ ಇರುವುದಿಲ್ಲ, ನಿದ್ದೆ ಮಾತ್ರ ಹಾಳು. ಮೊದಲ ರಾತ್ರಿ ಊರಿನೊಳಗೆ ಇಳಿದುಕೊಳ್ಳಿ. ಜೈಸಲ್ಮೇರ್‌ನ ದಪ್ಪ ಹಳದಿಕಲ್ಲಿನ ಗೋಡೆಗಳು ಹಗಲಿನ ಬಿಸಿಯನ್ನು ನಿಧಾನಕ್ಕೆ ಬಿಡುತ್ತವೆ, ನಡುರಾತ್ರಿಯವರೆಗೆ ಕೋಣೆ ಸಹ್ಯವಾಗಿರುತ್ತದೆ. ಕಚ್ಛ್‌ನಲ್ಲಿ ಆಯ್ಕೆ ಸಿಕ್ಕರೆ ಟೆಂಟ್ ಬಿಟ್ಟು ಭುಂಗಾ ಹಿಡಿಯಿರಿ. ದುಂಡನೆಯ ಮಣ್ಣಿನ ಗೋಡೆ, ಚಿಕ್ಕ ಕಿಟಕಿ, ಹುಲ್ಲಿನ ಮಾಡು. ಬಿಸಿಲಿಗೂ ಚಳಿಗೂ ಆ ನೆಲದ ಜನ ಕಂಡುಕೊಂಡ ಮನೆ ಅದು. ದುಬಾರಿ ಸ್ವಿಸ್ ಟೆಂಟಿಗಿಂತ ಅಗ್ಗದ ಭುಂಗಾ ಬೆಚ್ಚಗಿರುತ್ತದೆ.

ಜೈಸಲ್ಮೇರ್‌ನ ಟೆಂಟುಗಳು ಹೆಚ್ಚಾಗಿ ಸಮ್‌ನಲ್ಲಿವೆ, ಊರಿನಿಂದ 40 ಕಿಲೋಮೀಟರ್ ಚಿಲ್ಲರೆ. ಖುರಿ ಇನ್ನೊಂದು ದಿಕ್ಕಿಗೆ, ಹೆಚ್ಚು ಕಡಿಮೆ ಅಷ್ಟೇ ದೂರ, ಗದ್ದಲ ಕಡಿಮೆ. ಮುಂಗಡ ಕೊಡುವ ಮೊದಲು ಫೋನಿನಲ್ಲಿ ಇವನ್ನು ಕೇಳಿ: ಮಂಚವೋ ನೆಲದ ಹಾಸಿಗೆಯೋ? ತಲೆಗೆ ಎಷ್ಟು ರಜಾಯಿ, ಹೆಚ್ಚಿಗೆ ಕೇಳಿದರೆ ಸಿಗುತ್ತದೆಯೇ? ಟೆಂಟಿಗೆ ಎರಡು ಪದರವೋ ಒಂದೋ? ಬಿಸಿನೀರು ಎಷ್ಟು ಗಂಟೆಗೆ, ನಲ್ಲಿಯಲ್ಲೋ ಬಕೆಟಿನಲ್ಲೋ? ಬಾಗಿಲು ಯಾವ ದಿಕ್ಕಿಗೆ? ಚಳಿಗಾಳಿ ಉತ್ತರ–ವಾಯವ್ಯದಿಂದ ಬೀಸುವುದರಿಂದ ಬಾಗಿಲು ಪೂರ್ವಕ್ಕೋ ದಕ್ಷಿಣಕ್ಕೋ ಇದ್ದರೆ ಒಳ್ಳೆಯದು. ಪೂರ್ವವಾದರೆ ಬೆಳಗಿನ ಬಿಸಿಲೂ ಒಳಗೆ ಬರುತ್ತದೆ. ‘ಎಲ್ಲಾ ಇದೆ ಸರ್, ಬನ್ನಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರನ್ನು ಬಿಟ್ಟು ಮುಂದಿನವರಿಗೆ ಫೋನ್ ಮಾಡಿ.

ಎರಡು ದಿಬ್ಬಗಳ ನಡುವಿನ ತಗ್ಗಿನ ಟೆಂಟ್ ನೋಡಲು ಚೆನ್ನ, ಮಲಗಲು ಅಲ್ಲ. ತಣ್ಣನೆಯ ಗಾಳಿ ಭಾರ, ನೀರಿನಂತೆ ಇಳಿದು ಬಂದು ತಗ್ಗಿನಲ್ಲೇ ನಿಲ್ಲುತ್ತದೆ. ದಿಬ್ಬದ ನೆತ್ತಿಯೂ ಬೇಡ, ಅಲ್ಲಿ ಗಾಳಿ. ದಿಬ್ಬದ ಮರೆಯಿದ್ದು ಸ್ವಲ್ಪ ಎತ್ತರದಲ್ಲಿರುವ ಸಾಲು ಕೇಳಿ.

ಹೆಜ್ಜೆ 3: ಬಟ್ಟೆ

ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಪದರ ಬೆಚ್ಚಗೆ. ಅದಕ್ಕಿಂತ ಮುಖ್ಯ, ಹಗಲು 24 ರಾತ್ರಿ 5 ಇರುವ ಊರಿನಲ್ಲಿ ಅವನ್ನು ಒಂದೊಂದಾಗಿ ಬಿಚ್ಚಬಹುದು, ಹಾಕಬಹುದು.

ಮೈಗೆ ತಗಲುವ ಪದರ ಥರ್ಮಲ್: ಮೇಲೆ, ಕೆಳಗೆ ಎರಡೂ, ಒಬ್ಬೊಬ್ಬರಿಗೆ 2 ಜೊತೆ. ಪಾಲಿಯೆಸ್ಟರ್ ಮಿಶ್ರಣ ಸಾಕು, ಮೆರಿನೊ ಉಣ್ಣೆಯಾದರೆ ಇನ್ನೂ ಒಳ್ಳೆಯದು. ಒಳಗೆ ಹತ್ತಿ ಬನಿಯನ್ ಮಾತ್ರ ಬೇಡ. ಹಗಲು ದಿಬ್ಬ ಹತ್ತಿ ಬೆವರಿದರೆ ಹತ್ತಿ ಆ ಬೆವರನ್ನು ಹೀರಿಕೊಂಡು ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಸಂಜೆ ಅದೇ ಮೈಯ ಶಾಖ ಎಳೆಯುತ್ತದೆ. ಒಂದು ಜೊತೆಯನ್ನು ಮಲಗುವುದಕ್ಕೆಂದೇ ಒಣಗಿಸಿ ಇಟ್ಟುಕೊಳ್ಳಿ, ಹಗಲು ಮುಟ್ಟಬೇಡಿ.

ನಡುವಿನ ಪದರ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್. ಚಳಿಗಾಲದಲ್ಲಿ ಮುಂಬೈ, ಪುಣೆ ಎರಡೂ ಕಡೆ ಟಿಬೆಟಿಯನ್ನರು ಹಾಕುವ ಸ್ವೆಟರ್ ಅಂಗಡಿಗಳಲ್ಲಿ ಸಿಗುವುದು ಸಾಲುತ್ತದೆ. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ಹೆಣಿಗೆಯ ನಡುವೆ ಬೆಳಕು ಧಾರಾಳವಾಗಿ ತೂರಿದರೆ ಗಾಳಿಯೂ ತೂರುತ್ತದೆ. ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಒಳಗೆ ಥರ್ಮಲ್ ಇರುತ್ತದೆ.

ಹೊರಗಿನ ಪದರವೇ ಮಳೆಗಾಲದ ವಿಂಡ್‌ಚೀಟರ್. ಅದು ಬೆಚ್ಚಗಿಡುವುದಿಲ್ಲ, ಗಾಳಿಯನ್ನು ತಡೆಯುತ್ತದೆ. ಸ್ವೆಟರ್ ಬೆಚ್ಚಗಿಡುತ್ತದೆ, ಗಾಳಿ ತಡೆಯುವುದಿಲ್ಲ. ಎರಡೂ ಸೇರಿದರೆ 5–6 ಡಿಗ್ರಿಗೆ ದೊಡ್ಡ ಜಾಕೆಟ್ ಇಲ್ಲದೆ ನಡೆಯುತ್ತದೆ. ಒಂದು ತೊಂದರೆ: ರಬ್ಬರ್ ಲೇಪನದ ಅಗ್ಗದ ರೇನ್‌ಕೋಟ್ ಬೆವರನ್ನು ಹೊರಗೆ ಬಿಡುವುದಿಲ್ಲ. ಅದನ್ನು ಕುಳಿತಾಗ, ಜೀಪಿನಲ್ಲಿ ಮಾತ್ರ ಹಾಕಿ, ದಿಬ್ಬ ಹತ್ತುವಾಗ ಬಿಚ್ಚಿ.

ಜೀನ್ಸ್ ಬಗ್ಗೆ ಎಷ್ಟು ಹೇಳಿದರೂ ಜನ ಅದನ್ನೇ ಹಾಕಿ ಬರುತ್ತಾರೆ. ಬಿಗಿಯಾದ ಜೀನ್ಸ್ ಚಳಿಗೆ ಅತಿ ಕೆಟ್ಟ ಬಟ್ಟೆ: ಒಳಗೆ ಗಾಳಿಗೆ ಜಾಗವಿಲ್ಲ, ಬಟ್ಟೆ ತಣ್ಣಗಾಗಿ ತೊಡೆಗೆ ಅಂಟುತ್ತದೆ. ಸಡಿಲ ಟ್ರ್ಯಾಕ್ ಪ್ಯಾಂಟ್ ಒಳಗೆ ಥರ್ಮಲ್, ಅಷ್ಟೇ. ಸೀರೆ ಬಿಡದ ಅತ್ತೆ, ಅಜ್ಜಿಯರಿಗೆ ಒಳಲಂಗದ ಕೆಳಗೆ ಉಣ್ಣೆಯ ಲೆಗಿಂಗ್, ಮೊಣಕಾಲುದ್ದದ ಕಾಲುಚೀಲ, ರವಿಕೆಯ ಮೇಲೆ ಮುಂದೆ ಗುಂಡಿಯಿರುವ ಸ್ವೆಟರ್, ಮೇಲೆ ಶಾಲು. ಪಂಚೆ ಉಡುವವರು ಟೆಂಟ್ ರಾತ್ರಿಯ ಮಟ್ಟಿಗೆ ಪೈಜಾಮಕ್ಕೆ ಒಪ್ಪಿಕೊಳ್ಳುವುದೇ ಲೇಸು.

ಉಣ್ಣೆಯ ಕಾಲುಚೀಲ ತಲೆಗೆ 3 ಜೊತೆ. ಚಳಿಯೆಂದು ಎರಡು ಜೊತೆಯನ್ನು ಬಿಗಿ ಬೂಟಿಗೆ ತುರುಕಿದರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತದೆ. ಬೂಟಿನೊಳಗೆ ಬೆರಳು ಆಡುವಂತಿರಬೇಕು. ಚಪ್ಪಲಿ ಹಗಲಿಗೆ ಮಾತ್ರ. ಕಿವಿ ಮುಚ್ಚುವ ಟೋಪಿ, ಮಫ್ಲರ್, ಕೈಗವಸು ಬೇಕೇ ಬೇಕು. ಮಂಕಿ ಕ್ಯಾಪ್ ನೋಡಿ ಮಕ್ಕಳು ನಗುತ್ತಾರೆ, ರಾತ್ರಿ 9ರ ನಂತರ ಅವರೇ ಕೇಳುತ್ತಾರೆ.

ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಿರುಬಾಯಿಯ ಬಾಟಲಿಯಿಂದ ಅಲ್ಲಿ ಒಂದು ಹನಿಯೂ ಇಳಿಯದು. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಜೊತೆಗೆ ವ್ಯಾಸಲೀನ್ ಇರಲಿ. ಕರಾವಳಿಯ ಹಸಿ ಗಾಳಿಗೆ ಒಗ್ಗಿದ ಚರ್ಮ ಅಲ್ಲಿನ ಒಣ ಗಾಳಿಗೆ ಬೇಗ ಬಿರಿಯುತ್ತದೆ. ರಾತ್ರಿ ಮೂಗಿನ ಹೊಳ್ಳೆಯೊಳಗೆ ತೆಳುವಾಗಿ ಸವರಿಕೊಂಡರೆ ಮೂಗು ಒಣಗಿ ರಕ್ತ ಬರುವುದು ತಪ್ಪುತ್ತದೆ.

ಹೆಜ್ಜೆ 4: ರೈಲು

ಬಾಂದ್ರಾ ಟರ್ಮಿನಸ್‌ನಿಂದ ಜೋಧಪುರಕ್ಕೆ ಸೂರ್ಯನಗರಿ, ಭುಜ್‌ಗೆ ಕಚ್ಛ್ ಎಕ್ಸ್‌ಪ್ರೆಸ್. ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ಕ್ರಿಸ್‌ಮಸ್ ವಾರದ್ದು ಬೇಗ ಮುಗಿಯುತ್ತದೆ. ಜೋಧಪುರದಿಂದ ಜೈಸಲ್ಮೇರ್‌ಗೆ ರಸ್ತೆಯಲ್ಲಿ ಐದು ಗಂಟೆಯ ಆಸುಪಾಸು.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಬಾಂದ್ರಾದಲ್ಲಿ 30 ಡಿಗ್ರಿ, ಹಾಗಾಗಿ ಸ್ವೆಟರ್ ಎಲ್ಲಾ ದೊಡ್ಡ ಸೂಟ್‌ಕೇಸಿನ ತಳದಲ್ಲಿ, ಸೂಟ್‌ಕೇಸ್ ಸೀಟಿನ ಅಡಿ. ಬೆಳಗಿನ ಜಾವ ರಾಜಸ್ಥಾನದೊಳಗೆ ಓಡುತ್ತಿರುವ ಸ್ಲೀಪರ್ ಡಬ್ಬಿಯಲ್ಲಿ ಎಲ್ಲರೂ ನಡುಗುತ್ತಾ ಕೂತಿರುತ್ತಾರೆ. ಎಸಿಯಲ್ಲಿ ಹೊದಿಕೆ ಸಿಗುತ್ತದೆ, ಸ್ಲೀಪರ್‌ನಲ್ಲಿ ಇಲ್ಲ. ತಲೆಗೊಂದು ಸ್ವೆಟರ್, ಟೋಪಿ, ಕಾಲುಚೀಲ, ಒಂದು ಹೊದಿಕೆ ಕೈಚೀಲದಲ್ಲಿರಲಿ. ವಿಮಾನದವರೂ ಸ್ವೆಟರನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಉತ್ತರದ ಮಂಜಿನಿಂದ ಡಿಸೆಂಬರ್–ಜನವರಿಯಲ್ಲಿ ರೈಲು, ವಿಮಾನ ಎರಡೂ ತಡವಾಗುತ್ತವೆ. ಮರಳುವ ಮರುದಿನವೇ ಆಫೀಸು ಎಂಬ ಲೆಕ್ಕ ಇಟ್ಟುಕೊಳ್ಳದಿದ್ದರೆ ನೆಮ್ಮದಿ.

ಹೆಜ್ಜೆ 5: ದಿಬ್ಬದ ಸಂಜೆ

ದೇಶದ ಪಶ್ಚಿಮದ ತುದಿಯಾದ್ದರಿಂದ ಜೈಸಲ್ಮೇರ್‌ನಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವುದು ಏಳೂವರೆ ದಾಟಿ, ಮುಳುಗುವುದು ಆರರ ಸುಮಾರಿಗೆ. ಒಂಟೆ ಸವಾರಿ ನಾಲ್ಕೂವರೆಗೆ ಆರಂಭವಾಗುತ್ತದೆ, ಆಗ ಟೀ ಶರ್ಟೇ ಸಾಕು ಅನಿಸುತ್ತದೆ. ಉಳಿದ ಪದರಗಳನ್ನು ಬೆನ್ನುಚೀಲದಲ್ಲಿ ಒಯ್ಯಿರಿ, ಟೆಂಟಿನಲ್ಲಿ ಬಿಟ್ಟು ಹೋಗಬೇಡಿ.

ಸ್ವೆಟರ್ ಹಾಕುವ ಹೊತ್ತು ಚಳಿಯಾದಾಗ ಅಲ್ಲ, ಸೂರ್ಯ ದಿಬ್ಬಕ್ಕೆ ತಾಗುವ ಮೊದಲು. ಮೈ ಬೆಚ್ಚಗಿದ್ದಾಗ ಹಾಕಿದ ಸ್ವೆಟರ್ ಆ ಶಾಖವನ್ನು ಉಳಿಸುತ್ತದೆ. ನಡುಗಲು ಶುರುವಾದ ಮೇಲೆ ಹಾಕಿದರೆ ಉಳಿಸಲು ಶಾಖವೇ ಇರುವುದಿಲ್ಲ. ದಿಬ್ಬ ಹತ್ತಿ ಬೆವರಿದ್ದರೆ ಒಳಬಟ್ಟೆ ಬದಲಿಸಿ ನಂತರವೇ ಹಾಡು–ನೃತ್ಯಕ್ಕೆ ಕೂರಿ. ಎರಡು ಗಂಟೆ ಅಲ್ಲಾಡದೆ ಬಯಲಿನಲ್ಲಿ ಕೂರುವ ಆ ಹೊತ್ತೇ ಇಡೀ ಪ್ರವಾಸದಲ್ಲಿ ಅತಿ ಚಳಿ ಹಿಡಿಯುವ ಹೊತ್ತು. ಯೋಗ ಮ್ಯಾಟನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಳ್ಳಿ.

ಊಟದಲ್ಲಿ ನಾಚಿಕೆ ಬೇಡ. ಸಜ್ಜೆ ರೊಟ್ಟಿ ಅಲ್ಲಿ ಬಾಜ್ರಾ ರೋಟಿ, ಕಚ್ಛ್‌ನಲ್ಲಿ ರೋಟ್ಲೊ. ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದು ಮನೆಯ ಊಟವೇ. ಹೊಟ್ಟೆ ತುಂಬ ತುಪ್ಪದ ಊಟ ಮಾಡಿದವರು ರಾತ್ರಿ ಬೆಚ್ಚಗಿರುತ್ತಾರೆ. ಡಯಟ್ ಎಂದು ಸೂಪ್ ಕುಡಿದು ಮಲಗಿದವರು ಮೂರು ಗಂಟೆಗೆ ಎದ್ದು ಕೂರುತ್ತಾರೆ. ಬಾಯಾರಿಕೆ ಆಗದಿದ್ದರೂ ದಿನಕ್ಕೆ ಎರಡು ಲೀಟರ್ ನೀರು ಕುಡಿಯಿರಿ, ಬಿಸಿಯಾಗಿ ಸಿಕ್ಕರೆ ಇನ್ನೂ ಒಳ್ಳೆಯದು. ಮದ್ಯ ಮೈ ಬೆಚ್ಚಗಾದಂತೆ ತೋರಿಸುತ್ತದೆ ಅಷ್ಟೇ, ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಕಚ್ಛ್‌ನಲ್ಲಿ ಆ ಪ್ರಶ್ನೆಯೇ ಇಲ್ಲ, ಗುಜರಾತಿನಲ್ಲಿ ಪಾನನಿಷೇಧ.

ಹೆಜ್ಜೆ 6: ಹಾಸಿಗೆ

ಮೇಲೆ ಮೂರು ರಜಾಯಿ ಹೊದ್ದರೂ ಚಳಿ ಬಿಡಲಿಲ್ಲ ಎನ್ನುವವರಿಗೆ ಚಳಿ ಬರುತ್ತಿರುವುದು ಕೆಳಗಿನಿಂದ. ಮೈಭಾರಕ್ಕೆ ಹಾಸಿಗೆ ಅಮುಕಿಹೋಗಿ ಅದರೊಳಗಿನ ಗಾಳಿ ಹೊರಹೋಗುತ್ತದೆ, ಆಮೇಲೆ ನೆಲ ನೇರವಾಗಿ ಶಾಖ ಎಳೆಯುತ್ತದೆ. ನೆಲದ ಹಾಸಿಗೆಯಾದರೆ ಹೀಗೆ ಹಾಸಿ: ಮೊದಲು ಹಳೆಯ ದಿನಪತ್ರಿಕೆಯ ಎಂಟು–ಹತ್ತು ಪದರ, ಮೇಲೆ ಯೋಗ ಮ್ಯಾಟ್, ಅದರ ಮೇಲೆ ಟೆಂಟಿನವರ ಹಾಸಿಗೆ, ಹಾಸಿಗೆಯ ಮೇಲೆ ಮಡಚಿದ ಒಂದು ಕಂಬಳಿ. ಮೈಗೆ ತಾಗುವಂತೆ ಕೌದಿ, ಮೇಲೆ ರಜಾಯಿ. ಮೂರು ರಜಾಯಿ ಸಿಕ್ಕರೆ ಒಂದು ಕೆಳಗೆ, ಎರಡು ಮೇಲೆ. ಮಂಚವಿದ್ದರೆ ಪತ್ರಿಕೆ, ಮ್ಯಾಟ್ ಎರಡನ್ನೂ ಹಾಸಿಗೆಯ ಅಡಿಗೆ ಹಾಕಿ. ಮಂಚದ ಕೆಳಗೆ ಗಾಳಿ ಓಡಾಡುತ್ತಿರುತ್ತದೆ.

ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ತರುವುದಾದರೆ ಚೀಟಿಯಲ್ಲಿ ಎರಡು–ಮೂರು ಅಂಕಿ ಇರುತ್ತವೆ. ‘ಕಂಫರ್ಟ್’ ಎಂದು ಬರೆದದ್ದನ್ನಷ್ಟೇ ನೋಡಿ, ಅದು 5 ಅಥವಾ ಕೆಳಗಿರಲಿ. ‘ಎಕ್ಸ್‌ಟ್ರೀಮ್’ ಎಂಬುದು ಜೀವ ಉಳಿಯುವ ಮಟ್ಟ, ನಿದ್ದೆ ಬರುವ ಮಟ್ಟವಲ್ಲ. ಅಂಗಡಿಯವರು ತೋರಿಸುವುದು ಸಾಮಾನ್ಯವಾಗಿ ಇದನ್ನೇ.

ಮಲಗುವ ಮುನ್ನ ಮೂತ್ರಕ್ಕೆ ಹೋಗಿ ಬನ್ನಿ, ಒಣ ಥರ್ಮಲ್ ಹಾಕಿ, ಹತ್ತು ಬಸ್ಕಿ ಹೊಡೆದು ಮೈ ಬೆಚ್ಚಗಾದ ಮೇಲೆ ರಜಾಯಿಯೊಳಗೆ ಹೋಗಿ. ರಜಾಯಿ ತಾನಾಗಿ ಬಿಸಿ ಮಾಡುವುದಿಲ್ಲ. ಮುಖದವರೆಗೆ ಎಳೆದು ಒಳಗೇ ಉಸಿರಾಡಬೇಡಿ, ಉಸಿರಿನ ತೇವಕ್ಕೆ ಹೊದಿಕೆ ಒದ್ದೆಯಾಗುತ್ತದೆ. ಟೋಪಿ ಹಾಕಿ ಮೂಗು ಹೊರಗಿಡಿ. ರಬ್ಬರಿನ ಬಿಸಿನೀರ ಚೀಲಕ್ಕೆ ಕುದಿಯುವ ನೀರು ಬೇಡ. ಮುಕ್ಕಾಲು ತುಂಬಿಸಿ, ಗಾಳಿ ಹೊರಗೆ ಒತ್ತಿ, ಟವೆಲ್ ಸುತ್ತಿ, ಮಲಗುವ ಅರ್ಧ ಗಂಟೆ ಮೊದಲು ಕಾಲ ಬಳಿ ಇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರ ಮತ್ತು ಮಕ್ಕಳ ಹಾಸಿಗೆಯಿಂದ ಮಲಗುವಾಗ ಅದನ್ನು ತೆಗೆದುಬಿಡಿ. ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಬೆಂಕಿಯ ವಿಷಯದಲ್ಲಿ ರಾಜಿ ಇಲ್ಲ

ಇದ್ದಿಲ ಸಿಗಡಿಯನ್ನು ಟೆಂಟ್, ಭುಂಗಾ, ಕೋಣೆ ಯಾವುದರ ಒಳಗೂ ತರಬೇಡಿ. ಹೊಗೆ ಕಾಣದ ಕೆಂಡವೇ ಹೆಚ್ಚು ಅಪಾಯ. ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಇಂಥ ಸಾವುಗಳು ವರದಿಯಾಗುತ್ತವೆ. ಟೆಂಟಿನ ಕೆಲಸದವರು ಪ್ರೀತಿಯಿಂದ ತಂದಿಟ್ಟರೂ ಹೊರಗಿಡಿಸಿ. ತಲೆನೋವು, ವಾಕರಿಕೆ, ತಲೆಸುತ್ತು ಎಂದು ಒಬ್ಬರಿಗೆ ಅನಿಸಿದರೂ ಎಲ್ಲರೂ ತಕ್ಷಣ ಹೊರಗೆ ಬಯಲಿಗೆ ಬನ್ನಿ.

ಹೊರಗಿನ ಕ್ಯಾಂಪ್‌ಫೈರ್ ಬಳಿ ವಿಂಡ್‌ಚೀಟರ್, ಫ್ಲೀಸ್ ಹಾಕಿ ಹತ್ತಿರ ಕೂರಬೇಡಿ; ಕಿಡಿ ಬಿದ್ದರೆ ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿಯ ಹೊತ್ತಿಗೆ ಮೇಲೆ ಉಣ್ಣೆಯ ಶಾಲೇ ಸರಿ.

ಮಕ್ಕಳು, ಹಿರಿಯರು

ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ. ಬಿಪಿ, ಹೃದಯದ ತೊಂದರೆಯಿರುವವರು ಬೆಳಗಿನ ಜಾವ ಸೂರ್ಯೋದಯ ನೋಡಲು ದಿಬ್ಬ ಹತ್ತುವುದು ಬೇಡ. ಬಿಸಿಲು ಬಿದ್ದ ಮೇಲೆ ಹೋದರೂ ದಿಬ್ಬ ಅಲ್ಲೇ ಇರುತ್ತದೆ. ಆಸ್ತಮಾ ಇರುವವರು ಇನ್‌ಹೇಲರನ್ನು ಒಳಜೇಬಿನಲ್ಲಿಡಿ, ಮಫ್ಲರನ್ನು ಮೂಗಿನ ಮೇಲೆ ಸಡಿಲವಾಗಿ ಸುತ್ತಿಕೊಂಡು ಉಸಿರಾಡಿ. ಚಿಕ್ಕ ಮಕ್ಕಳ ಕೈಕಾಲು ತಣ್ಣಗಿರುವುದು ಸಹಜ; ಬೆನ್ನಿಗೆ, ಹೊಟ್ಟೆಗೆ ಕೈಯಿಟ್ಟು ನೋಡಿ, ಅಲ್ಲೂ ತಣ್ಣಗಿದ್ದರೆ ಕೂಡಲೇ ಒಳಗೆ ಕರೆದುಕೊಂಡು ಹೋಗಿ.

ನಡುಗುವುದು ಒಳ್ಳೆಯ ಲಕ್ಷಣ, ಮೈ ಹೋರಾಡುತ್ತಿದೆ ಎಂದರ್ಥ. ಮಾತು ತೊದಲಿದರೆ, ಗುಂಡಿ ಹಾಕಲು ಬೆರಳು ಬಾರದಿದ್ದರೆ, ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ಅಪಾಯ. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಇಬ್ಬರು ಆಚೀಚೆ ಕುಳಿತು ಒಂದೇ ರಜಾಯಿ ಹೊದ್ದುಕೊಳ್ಳಿ, ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಸಿಹಿಯಾದ ಬಿಸಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ರಾಜಸ್ಥಾನ, ಗುಜರಾತ್ ಎರಡರಲ್ಲೂ ಆಂಬ್ಯುಲೆನ್ಸ್ ಸಂಖ್ಯೆ 108. ದಿಬ್ಬಗಳಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಹಗಲೇ ಕೇಳಿಟ್ಟುಕೊಳ್ಳಿ.

ಫೋನು, ಕ್ಯಾಮೆರಾ

ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಇಳಿಯುತ್ತದೆ, ಶೇಕಡ 30 ತೋರಿಸುತ್ತಿದ್ದ ಫೋನ್ ಇದ್ದಕ್ಕಿದ್ದಂತೆ ಆರುತ್ತದೆ. ಒಳಜೇಬಿನಲ್ಲಿಡಿ, ರಾತ್ರಿ ರಜಾಯಿಯೊಳಗೆ. ಆರಿದ ಫೋನನ್ನು ಬೆಚ್ಚಗೆ ಮಾಡಿದರೆ ಹೆಚ್ಚಾಗಿ ಮತ್ತೆ ಎಚ್ಚರಾಗುತ್ತದೆ. ಕ್ಯಾಮೆರಾವನ್ನು ಹೊರಗಿನ ಚಳಿಯಿಂದ ಒಳಗೆ ತರುವ ಮೊದಲೇ ಜಿಪ್ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ. ಬೆಚ್ಚಗಾದ ಮೇಲೆ ತೆರೆದರೆ ಲೆನ್ಸಿನ ಮೇಲೆ ಹನಿ ಕೂರುವುದಿಲ್ಲ. ಮರಳಿಗೂ ಅದೇ ಚೀಲ ರಕ್ಷಣೆ. ಲೆನ್ಸ್ ಬದಲಿಸುವುದನ್ನು ದಿಬ್ಬದ ಮೇಲೆ ಮಾಡಲೇಬೇಡಿ.

ಮರಳಿದ ಮೇಲೆ

ಉಣ್ಣೆ ಬಟ್ಟೆ ಮುಂಬೈಯಲ್ಲಿ ಹಾಳಾಗುವುದು ತೊಟ್ಟು ಅಲ್ಲ, ಬೀರುವಿನಲ್ಲಿ. ಮೊದಲು ಹೊರಗೆ ಕೊಡವಿ ಮರಳು ತೆಗೆಯಿರಿ, ಇಲ್ಲದಿದ್ದರೆ ವಾಷಿಂಗ್ ಮಷೀನಿನ ತಳದಲ್ಲಿ ಅದು ಕೂರುತ್ತದೆ. ಸ್ವೆಟರನ್ನು ತಣ್ಣೀರಿನಲ್ಲಿ ಕೈಯಲ್ಲೇ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಹರಡಿ ಒಣಗಿಸಿ. ತಂತಿಗೆ ನೇತುಹಾಕಿದರೆ ಜೋಲುತ್ತದೆ. ಪೂರ್ತಿ ಒಣಗಿದ ಮೇಲೆ ಬೇವಿನ ಒಣ ಎಲೆಯನ್ನೋ ನುಸಿಗುಳಿಗೆಯನ್ನೋ ಬಟ್ಟೆಯಲ್ಲಿ ಕಟ್ಟಿ ಜೊತೆಗಿಟ್ಟು, ಗಾಳಿಯಾಡದ ಚೀಲಕ್ಕೆ ಹಾಕಿ. ಸ್ಲೀಪಿಂಗ್ ಬ್ಯಾಗ್, ಹತ್ತಿ ಅಥವಾ ಗರಿ ತುಂಬಿದ ಜಾಕೆಟನ್ನು ಮಾತ್ರ ಅಮುಕಿ ಇಡಬೇಡಿ, ಸಡಿಲವಾಗಿ ನೇತುಹಾಕಿ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಎಲ್ಲವನ್ನೂ ತೆಗೆದು ಒಂದು ಪೂರ್ತಿ ಮಧ್ಯಾಹ್ನ ಬಿಸಿಲಿಗೆ ಹಾಕಿ, ಆರಿದ ಮೇಲೆ ಮತ್ತೆ ಕಟ್ಟಿಡಿ. ಬಿಸಿ ಇರುವಾಗಲೇ ಚೀಲ ಮುಚ್ಚಿದರೆ ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ.